ಗೃಹಸ್ಥರ ಲೆಕ್ಕ: ವಿದ್ಯುತ್ ಕಾರಿನ ಉಳಿತಾಯವೂ ಬ್ಯಾಟರಿಯ ಸಾಲವೂ

ಮನೆಗೆ ತಂದ ಪ್ರತಿಯೊಂದು ಪದಾರ್ಥಕ್ಕೂ ಎರಡು ಬೆಲೆಗಳುಂಟು. ಕೊಳ್ಳುವಾಗ ಒಂದೇ ಸಲ ಕೊಟ್ಟು ಬರುವುದು ಮೊದಲನೆಯದು; ಇಟ್ಟುಕೊಂಡಷ್ಟು ಕಾಲವೂ ತೆರುತ್ತ ಬರುವುದು ಎರಡನೆಯದು. ಹಸುವಿನ ವಿಷಯದಲ್ಲಿ ಈ ಎರಡನೆಯ ಬೆಲೆಯನ್ನು ನಮ್ಮ ಒಕ್ಕಲುಮನೆಯವರು ಚೆನ್ನಾಗಿ ಬಲ್ಲರು. ವಿದ್ಯುಚ್ಛಕ್ತಿಯಿಂದ ಓಡುವ ಕಾರಿನ ವಿಷಯದಲ್ಲಿ ಮಾತ್ರ ಅದು ಇನ್ನೂ ಎಲ್ಲರ ಮನಸ್ಸಿಗೆ ಹತ್ತಿದಂತಿಲ್ಲ. ಪೆಟ್ರೋಲಿನ ಖರ್ಚೇ ಇಲ್ಲವೆಂದು ಹಿಗ್ಗುವವರು ಕೆಲವರು. ಬ್ಯಾಟರಿ ಹೋದರೆ ಕಾರೇ ಹೋದಂತೆಂದು ಹೆದರುವವರು ಕೆಲವರು. ಎರಡು ಮಾತಿನಲ್ಲಿಯೂ ಅರ್ಧದಷ್ಟೇ ಸತ್ಯವಿದೆ. ಪೂರ್ಣ ಸತ್ಯವು ಲೆಕ್ಕದ ಪುಸ್ತಕದಲ್ಲಿ ದೊರೆಯುವುದಾದುದರಿಂದ ಈ ತಿಂಗಳು ಅದನ್ನೇ ವಾಚಕರ ಮುಂದಿಡುತ್ತೇವೆ.

ನಮ್ಮ ಮನೆ ಶ್ರೀರಂಗಪಟ್ಟಣದಲ್ಲಿದೆ. ಸಹಕಾರ ಸಂಘಗಳ ಲೆಕ್ಕ ತಪಾಸಣೆಯ ಕೆಲಸದ ನಿಮಿತ್ತವಾಗಿ ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳಿಗೆ ಹೋಗಿಬರುವುದು ತಪ್ಪದು. ಪಾಂಡವಪುರದ ಮೇಲೆ ನಾಗಮಂಗಲ, ಅಲ್ಲಿಂದ ಕೃಷ್ಣರಾಜಪೇಟೆ, ಚಿನಕುರಳಿಯ ಮಾರ್ಗವಾಗಿ ಮರಳಿ ಪಟ್ಟಣ: ಈ ಒಂದು ಸುತ್ತು ಸುಮಾರು ೧೪೦ ಕಿಲೋಮೀಟರು. ೨೦೨೦ರ ಕೊನೆಯಲ್ಲಿ ಕೊಂಡ ವಿದ್ಯುತ್ ಕಾರು ಐದು ವರ್ಷಗಳಲ್ಲಿ ೧,೨೦,೦೦೦ ಕಿಲೋಮೀಟರು ಓಡಿತು. ಹೊಸದಾಗಿದ್ದಾಗ ಈ ಸುತ್ತು ಮುಗಿಸಿ ಬಂದರೆ ಬ್ಯಾಟರಿಯಲ್ಲಿ ಮೂರರಲ್ಲಿ ಒಂದು ಪಾಲು ಶಕ್ತಿ ಉಳಿದಿರುತ್ತಿತ್ತು. ಐದು ವರ್ಷಗಳ ತರುವಾಯ ಉಳಿಯುವುದು ಐದರಲ್ಲಿ ಒಂದು ಪಾಲು. ಎಂದರೆ ಬ್ಯಾಟರಿಯ ಹಿಡಿತವು ನೂರಕ್ಕೆ ಸುಮಾರು ಹದಿನೇಳರಷ್ಟು ಕುಗ್ಗಿದೆ. ಕೆಲಸಕ್ಕೆ ಅಡ್ಡಿಯಾಗಿಲ್ಲ, ಆದರೆ ಕುಗ್ಗಿದೆ ಎಂಬುದನ್ನು ಮರೆಯಲಾಗದು.

ಈಗ ಖರ್ಚಿನ ಮಾತು. ಗಣಿತಕ್ಕೆ ಅನುಕೂಲವಾಗುವಂತೆ ಪೆಟ್ರೋಲು ಲೀಟರಿಗೆ ೧೦೦ ರೂಪಾಯಿ, ಪೆಟ್ರೋಲು ಕಾರು ಲೀಟರಿಗೆ ೧೫ ಕಿಲೋಮೀಟರು, ಮನೆಯ ವಿದ್ಯುತ್ತು ಯೂನಿಟ್ಟಿಗೆ ೭ ರೂಪಾಯಿ, ವಿದ್ಯುತ್ ಕಾರು ಯೂನಿಟ್ಟಿಗೆ ೬ ಕಿಲೋಮೀಟರು ಎಂದಿಟ್ಟುಕೊಳ್ಳೋಣ. ೧,೨೦,೦೦೦ ಕಿಲೋಮೀಟರಿಗೆ ಪೆಟ್ರೋಲು ೮,೦೦೦ ಲೀಟರು ಬೇಕು. ವೆಚ್ಚ ೮,೦೦,೦೦೦ ರೂಪಾಯಿ. ವಿದ್ಯುತ್ತು ೨೦,೦೦೦ ಯೂನಿಟ್ಟು ಬೇಕು. ವೆಚ್ಚ ೧,೪೦,೦೦೦ ರೂಪಾಯಿ. ವ್ಯತ್ಯಾಸ ೬,೬೦,೦೦೦ ರೂಪಾಯಿ. ಕಿಲೋಮೀಟರು ಒಂದಕ್ಕೆ ಐದೂವರೆ ರೂಪಾಯಿ ಉಳಿದಂತಾಯಿತು.

ಇದೇ ಕಾರು ಅದೇ ಐದು ವರ್ಷಗಳಲ್ಲಿ, ಹಬ್ಬಕ್ಕೆ, ಮದುವೆಗೆ, ಮೈಸೂರಿನ ಸಾಮಾನಿಗೆ ಎಂದು ೪೦,೦೦೦ ಕಿಲೋಮೀಟರು ಮಾತ್ರ ಓಡಿದ್ದರೆ ವ್ಯತ್ಯಾಸವು ೨,೨೦,೦೦೦ ರೂಪಾಯಿಗೆ ಇಳಿಯುತ್ತದೆ. ಅಷ್ಟೇ ಗಾತ್ರದ ಪೆಟ್ರೋಲು ಕಾರಿಗಿಂತ ವಿದ್ಯುತ್ ಕಾರಿಗೆ ಕೊಟ್ಟ ಹೆಚ್ಚಿನ ಕ್ರಯವು ನಾಲ್ಕು ಲಕ್ಷವಾಗಿದ್ದಲ್ಲಿ, ಇಂಥ ಮನೆಗೆ ಅದು ನಷ್ಟವೇ ಸರಿ. ಬಹಳ ಓಡಿದ ಕಾರೆಂದರೆ ಸವೆದ ಕಾರೆಂದು ಮೂಗು ಮುರಿಯುವುದು ರೂಢಿ. ವಿದ್ಯುತ್ ಕಾರಿನಲ್ಲಿ ಓಡಿದಷ್ಟೂ ಕೊಟ್ಟ ಹಣ ಮರಳುತ್ತದೆ. ನಿಂತಲ್ಲಿಯೇ ನಿಂತರೂ ಬ್ಯಾಟರಿಗೆ ವಯಸ್ಸಾಗುವುದಂತೂ ತಪ್ಪುವುದಿಲ್ಲ.

ಆದರೆ ಆ ಆರು ಲಕ್ಷದ ಅರವತ್ತು ಸಾವಿರವನ್ನು ಉಳಿತಾಯವೆಂದು ಬರೆದುಕೊಳ್ಳುವ ಮುನ್ನ ಸ್ವಲ್ಪ ತಡೆಯಬೇಕು. ಅದರಲ್ಲಿ ಒಂದು ಪಾಲು ನಮ್ಮದಲ್ಲ; ಬ್ಯಾಟರಿಗೆ ಸಲ್ಲಬೇಕಾದ ಸಾಲ.

ಇದರ ನಿದರ್ಶನವು ನಮ್ಮ ನಾಡಿನಲ್ಲಿಯೇ ಇದೆ. ೨೦೦೧ರಲ್ಲಿ ಬೆಂಗಳೂರಿನಲ್ಲಿ ತಯಾರಾಗಿ ಮಾರಾಟಕ್ಕೆ ಬಂದ ರೇವಾ ಕಾರು ಎಂಟು ಸೀಸದ ಬ್ಯಾಟರಿಗಳಿಂದ ಓಡುತ್ತಿತ್ತು. ಒಮ್ಮೆ ತುಂಬಿಸಿದರೆ ಸುಮಾರು ೮೦ ಕಿಲೋಮೀಟರು. ಪೇಟೆಯೊಳಗಣ ಓಡಾಟಕ್ಕೆ ಬಹು ಸುಲಭವಾದ ವಾಹನ. ಆದರೆ ಕೆಲವು ವರ್ಷಗಳಿಗೊಮ್ಮೆ ಆ ಎಂಟು ಬ್ಯಾಟರಿಗಳನ್ನೂ ಬದಲಿಸಬೇಕಾಗುತ್ತಿತ್ತು. ಆ ಖರ್ಚಿಗೆ ಹಣ ತೆಗೆದಿರಿಸಿದವರು ಕಾರನ್ನು ಬಹುಕಾಲ ನಡೆಸಿದರು, ಇಲ್ಲದವರ ಕಾರು ಮನೆಯ ಮುಂದೆ ನಿಂತಿತು. ಆ ಉದ್ಯಮವು ೨೦೧೦ರಲ್ಲಿ ಮಹೀಂದ್ರ ಸಂಸ್ಥೆಯ ವಶಕ್ಕೆ ಬಂದು, ೨೦೧೩ರಲ್ಲಿ ಲಿಥಿಯಂ ಬ್ಯಾಟರಿಯ ಹೊಸ ಕಾರು ಹೊರಟಿತು. ಲಿಥಿಯಂ ಬ್ಯಾಟರಿ ಸೀಸದ ಬ್ಯಾಟರಿಗಿಂತ ಬಹುಪಟ್ಟು ಬಾಳುತ್ತದೆ. ಬಾಳಿಕೆ ಹೆಚ್ಚಿದೆಯೇ ಹೊರತು ಸಾಲ ತೀರಿಲ್ಲ.

ತಯಾರಕರು ಕೊಡುವ ಭರವಸೆಯ ಪತ್ರವನ್ನೂ ಈ ದೃಷ್ಟಿಯಿಂದ ಓದತಕ್ಕದ್ದು. ೨೦೨೦ರಲ್ಲಿ ಬಂದ ಟಾಟಾ ನೆಕ್ಸಾನ್ ವಿದ್ಯುತ್ ಕಾರಿನ ಬ್ಯಾಟರಿಗೆ ಎಂಟು ವರ್ಷ ಅಥವಾ ೧,೬೦,೦೦೦ ಕಿಲೋಮೀಟರು, ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಭರವಸೆಯಿತ್ತು. ವರ್ಷಕ್ಕೆ ೨೪,೦೦೦ ಕಿಲೋಮೀಟರು ಓಡಿಸುವವನಿಗೆ ಅದು ಎಂಟು ವರ್ಷದ ಮಾತಲ್ಲ, ಆರು ವರ್ಷ ಎಂಟು ತಿಂಗಳ ಮಾತು. ಆದುದರಿಂದ ಕಿಲೋಮೀಟರಿಗೆ ಉಳಿಯುವ ಐದೂವರೆ ರೂಪಾಯಿಯಲ್ಲಿ ಎರಡು ರೂಪಾಯಿಯನ್ನು ತಿಂಗಳು ತಿಂಗಳೂ ಬೇರೆಯ ಖಾತೆಗೆ ಕಟ್ಟುವುದು ಯುಕ್ತ. ನಮ್ಮ ಮನೆಯಲ್ಲಿ ಅದನ್ನು ಬ್ಯಾಟರಿ ನಿಧಿ ಎಂದು ಕರೆಯುತ್ತೇವೆ. ೧,೨೦,೦೦೦ ಕಿಲೋಮೀಟರಿಗೆ ಅದು ೨,೪೦,೦೦೦ ರೂಪಾಯಿ. ಉಳಿದ ೪,೨೦,೦೦೦ ಮಾತ್ರ ನಿಜವಾದ ಉಳಿತಾಯ. ಹೆಚ್ಚಿನ ಕ್ರಯವನ್ನು ತೀರಿಸುವುದು ಅದರಿಂದಲೇ. ಮಗಳ ಕಾಲೇಜಿನ ಶುಲ್ಕದ ಕಾಲಕ್ಕೆ ಬ್ಯಾಟರಿಯ ಖರ್ಚೂ ಒಟ್ಟಿಗೆ ಬಂದು ಬಾಗಿಲು ತಟ್ಟಿದರೆ ಸಂಸಾರವು ಸಾಲಗಾರನ ಕೈಸೇರುವುದು. ನಿಧಿಯಿರುವ ಮನೆಗೆ ಆ ಭಯವಿಲ್ಲ.

ಮನೆಯ ವಿದ್ಯುತ್ತಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅವಶ್ಯ. ೨೦೨೩ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯ ನಿಯಮದಂತೆ ತಿಂಗಳ ಬಳಕೆಯು ೨೦೦ ಯೂನಿಟ್ಟನ್ನು ಮೀರಿದರೆ ಆ ತಿಂಗಳ ಬಿಲ್ಲನ್ನು ಪೂರ್ತಿಯಾಗಿ ಕಟ್ಟಬೇಕು. ತಿಂಗಳಿಗೆ ೨,೦೦೦ ಕಿಲೋಮೀಟರು ಓಡುವ ಕಾರೊಂದೇ ೩೩೦ ಯೂನಿಟ್ಟಿಗೂ ಮೇಲೆ ಕುಡಿಯುತ್ತದೆ. ಉಚಿತವಾಗಿ ದೊರೆಯುತ್ತಿದ್ದ ದೀಪ, ಫ್ಯಾನು, ಮಿಕ್ಸಿಗಳ ವಿದ್ಯುತ್ತೂ ಆಗ ಖರ್ಚಿನ ಪಟ್ಟಿಗೆ ಸೇರುತ್ತದೆ. ಕಾರಿಗೆಂದೇ ಪ್ರತ್ಯೇಕ ಮೀಟರು ಹಾಕಿಸಲು ಅವಕಾಶವಿದೆಯೇ, ಅದರ ದರವೇನು ಎಂಬುದನ್ನು ಚಾಮುಂಡೇಶ್ವರಿ ವಿದ್ಯುತ್ ನಿಗಮದ ಉಪವಿಭಾಗದ ಕಚೇರಿಯಲ್ಲಿ ಕೊಳ್ಳುವುದಕ್ಕೆ ಮೊದಲೇ ವಿಚಾರಿಸಿರಿ. ಮಂಜೂರಾದ ಲೋಡನ್ನು ಹೆಚ್ಚಿಸಿಕೊಳ್ಳಿರಿ. ಅರ್ಥಿಂಗನ್ನು ಪರೀಕ್ಷೆ ಮಾಡಿಸಿರಿ. ತೋಟದ ಪಂಪುಸೆಟ್ಟಿಗೆಂದು ಸರ್ಕಾರವು ಕೊಡುವ ವಿದ್ಯುತ್ತಿನಿಂದ ಕಾರನ್ನು ತುಂಬಿಸುವುದು ಅಕ್ರಮ. ಅಲ್ಲಿಯ ಏರಿಳಿತದ ಕರೆಂಟು ಕಾರಿಗೂ ಹಿತವಲ್ಲ.

ಬ್ಯಾಟರಿಯನ್ನು ಪೋಷಿಸುವ ಕ್ರಮವು ಸುಲಭವಾದುದು. ನಿತ್ಯದ ಓಡಾಟಕ್ಕೆ ನೂರಕ್ಕೆ ಇಪ್ಪತ್ತಕ್ಕಿಂತ ಕೆಳಗೆ ಇಳಿಸದೆ, ಎಂಬತ್ತಕ್ಕೆ ನಿಲ್ಲಿಸುವುದು ಒಳ್ಳೆಯದು. ದೂರದ ಪಯಣವಿದ್ದ ದಿನ ಪೂರ್ತಿ ತುಂಬಿಸಿ ಕೂಡಲೇ ಹೊರಡಬೇಕು. ತುಂಬಿದ ಕಾರನ್ನು ಏಪ್ರಿಲಿನ ಬಿಸಿಲಿನಲ್ಲಿ ದಿನಗಟ್ಟಲೆ ನಿಲ್ಲಿಸಬಾರದು. ಕಬ್ಬಿಣ ಫಾಸ್ಫೇಟಿನ ಜಾತಿಯ ಬ್ಯಾಟರಿಯನ್ನು ಮಾತ್ರ ಆಗಾಗ್ಗೆ ಪೂರ್ತಿ ತುಂಬಿಸದಿದ್ದರೆ ಅಳತೆಯ ಮುಳ್ಳು ತಪ್ಪು ತೋರಿಸುತ್ತದೆ. ತಯಾರಕರ ಕೈಪಿಡಿ ಹೇಳಿದಂತೆ ನಡೆಯುವುದು ಲೇಸು. ಮನೆಯ ಹದಿನಾರು ಆಂಪಿಯರಿನ ಪ್ಲಗ್ಗಿನಲ್ಲಿ ೩೦ ಯೂನಿಟ್ಟು ತುಂಬಲು ಹತ್ತು ಗಂಟೆ ಹಿಡಿಯುತ್ತದೆ. ರಾತ್ರಿ ಮಲಗುವಾಗ ಹಚ್ಚಿದರೆ ಬೆಳಿಗ್ಗೆಗೆ ಸಿದ್ಧ. ಬೆಂಗಳೂರು–ಮೈಸೂರು ಹೆದ್ದಾರಿಯ ಬದಿಯ ಶೀಘ್ರ ಚಾರ್ಜಿಂಗ್ ಅವಸರಕ್ಕೆ ಆಗುವುದು. ನಿತ್ಯಕ್ಕೆ ಅದನ್ನೇ ನಂಬಿದರೆ ಮನೆಯ ದರದ ಎರಡು ಮೂರು ಪಾಲು ತೆರಬೇಕಾಗಿ ಮೇಲಿನ ಗಣಿತವೇ ತಲೆಕೆಳಗಾಗುವುದು.

ದಾರಿಯ ಗುಣವೂ ಲೆಕ್ಕಕ್ಕೆ ಬರುತ್ತದೆ. ಹೆದ್ದಾರಿಯಲ್ಲಿ ನೂರರ ವೇಗಕ್ಕೆ ಹೋದರೆ ಗಾಳಿಯ ತಡೆಗೇ ಶಕ್ತಿ ಸೋರಿಹೋಗುತ್ತದೆ. ಪಾಂಡವಪುರದ ಬಳಿ ಕಬ್ಬಿನ ಟ್ರಾಕ್ಟರುಗಳ ಹಿಂದೆ ತೆವಳುವಾಗ ಪೆಟ್ರೋಲು ಕಾರಿಗೆ ನಷ್ಟ, ವಿದ್ಯುತ್ ಕಾರಿಗೆ ನಷ್ಟವಿಲ್ಲ. ಮೇಲುಕೋಟೆಯ ಏರಿಗೂ ಅಂಜಬೇಕಾಗಿಲ್ಲ. ೧,೫೦೦ ಕಿಲೋ ತೂಕದ ಕಾರನ್ನು ನೂರು ಮೀಟರು ಮೇಲೇರಿಸಲು ಅರ್ಧ ಯೂನಿಟ್ಟಿಗಿಂತ ಕಡಮೆ ಶಕ್ತಿ ಸಾಕು. ಇಳಿಯುವಾಗ ಮೋಟಾರೇ ಜನರೇಟರಾಗಿ ಅದರಲ್ಲೊಂದು ಭಾಗವನ್ನು ಮರಳಿಸುತ್ತದೆ. ಇದರಿಂದಲೇ ಬ್ರೇಕಿನ ಪ್ಯಾಡುಗಳು ಬಹುಕಾಲ ಬರುತ್ತವೆ. ಟೈರುಗಳು ಮಾತ್ರ ಬೇಗ ಸವೆಯುತ್ತವೆ. ಕಾರು ಭಾರವಾದುದು, ಹೊರಡುವಾಗ ಎಳೆಯುವ ಬಲವೂ ಹೆಚ್ಚು. ಇನ್ನು, ದೊಡ್ಡ ಬ್ಯಾಟರಿ ತುಂಬಿದ್ದರೂ ಹನ್ನೆರಡು ವೋಲ್ಟಿನ ಚಿಕ್ಕ ಬ್ಯಾಟರಿ ಸತ್ತರೆ ಕಾರು ಕದಲುವುದಿಲ್ಲ. ನಾಲ್ಕನೆಯ ವರ್ಷ ನಾಗಮಂಗಲದಲ್ಲಿ ನಮಗೆ ಹೀಗಾಗಿ ಅರ್ಧ ದಿನ ಕಾಯಬೇಕಾಯಿತು. ಮೂರು ವರ್ಷ ತುಂಬಿದ ಮೇಲೆ ಅದನ್ನು ಪರೀಕ್ಷೆ ಮಾಡಿಸಿಕೊಂಡಿರುವುದು ವಿವೇಕ.

ಲಿಥಿಯಂ ನಮ್ಮ ನೆಲದಲ್ಲಿಯೇ ಸಿಕ್ಕಿರುವಾಗ ಬ್ಯಾಟರಿ ಅಗ್ಗವಾಗದೆ ಇದ್ದೀತೇ ಎಂದು ಕೇಳುವವರುಂಟು. ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದ ಶಿಲೆಗಳಲ್ಲಿ ಸುಮಾರು ೧,೬೦೦ ಟನ್ನು ಲಿಥಿಯಂ ಇರುವುದೆಂದು ಪರಮಾಣು ಖನಿಜ ನಿರ್ದೇಶನಾಲಯದವರು ಅಂದಾಜು ಮಾಡಿದುದು ೨೦೨೧ರಲ್ಲಿ ಪ್ರಕಟವಾಯಿತು. ಸಂತೋಷದ ವಾರ್ತೆಯೇ ಹೌದು. ಆದರೆ ಅದು ಅಂದಾಜು, ಅದೂ ಸಣ್ಣ ಮೊತ್ತ. ಬಂಡೆಯೊಳಗಣ ಲೋಹವನ್ನು ನಂಬಿ ಮನೆಯ ನಿಧಿಯನ್ನು ನಿಲ್ಲಿಸುವುದು ತರವಲ್ಲ.

ಹಳೆಯ ವಿದ್ಯುತ್ ಕಾರನ್ನು ಕೊಳ್ಳುವವರಿಗೆ ಒಂದು ಮಾತು. ಬಣ್ಣವನ್ನೂ ಸೀಟನ್ನೂ ನೋಡಿ ಬೆಲೆ ಕಟ್ಟಬೇಡಿರಿ. ಬ್ಯಾಟರಿಯ ಆರೋಗ್ಯದ ವರದಿಯನ್ನು ಅಧಿಕೃತ ಕಾರ್ಯಾಗಾರದಿಂದ ಬರೆಯಿಸಿಕೊಳ್ಳಿರಿ. ಭರವಸೆಯಲ್ಲಿ ಎಷ್ಟು ವರ್ಷ, ಎಷ್ಟು ಕಿಲೋಮೀಟರು ಉಳಿದಿವೆ, ಅದು ಎರಡನೆಯ ಒಡೆಯನಿಗೂ ಸಲ್ಲುವುದೇ ಎಂದು ಪತ್ರದಲ್ಲಿ ನೋಡಿರಿ. ಪೂರ್ತಿ ತುಂಬಿಸಿ ಐವತ್ತು ಕಿಲೋಮೀಟರು ಓಡಿಸಿ ಎಷ್ಟು ಇಳಿಯಿತೆಂದು ಬರೆದಿಡಿರಿ. ಆಮೇಲೆ ಮನೆಗೆ ಬಂದು, ತಿಂಗಳಿಗೆ ನಿಜವಾಗಿ ಎಷ್ಟು ಕಿಲೋಮೀಟರು ಓಡಿಸುವಿರೆಂಬುದನ್ನು ಮನೆಯವರೆಲ್ಲರೂ ಕುಳಿತು ಎಣಿಸಿರಿ. ಸಾವಿರಕ್ಕೆ ಕಡಮೆಯಾದರೆ ಬಸ್ಸೂ ಬಾಡಿಗೆ ಕಾರೂ ಸಾಕು. ಸಾವಿರದ ಐನೂರು ಮೀರಿದರೆ ಧೈರ್ಯವಾಗಿ ಕೊಳ್ಳಬಹುದು. ಆದರೆ ಕಾರು ಮನೆಗೆ ಬಂದ ತಿಂಗಳೇ ಬ್ಯಾಟರಿ ನಿಧಿಯ ಮೊದಲ ಕಂತನ್ನು ಕಟ್ಟಿರಿ.