28 ಡಿಗ್ರಿ ನೀರು ಬೆಚ್ಚಗಿರಲ್ಲ ಗುರು

(1/6)
ಈ ಸೀಸನ್‌ನಲ್ಲಿ ನಮ್ಮ ಬ್ಯಾಚ್‌ನ ಅರ್ಧ ಜನ ನೇತ್ರಾಣಿಗೆ ಸ್ಕೂಬಾ ಮಾಡೋಕೆ ಹೊರಟಿದ್ದೀರಿ. ಖುಷಿ, ಹೋಗಿ ಬನ್ನಿ. ಆದ್ರೆ ಗ್ರೂಪ್‌ನಲ್ಲಿ ಓಡಾಡ್ತಿರೋ ಒಂದು ಮಾತಿಗೆ ನನ್ನ ತಕರಾರಿದೆ: "ನಮ್ಮ ಕಡೆ ಸಮುದ್ರ ಬೆಚ್ಚಗೇ ಇರತ್ತೆ, ವೆಟ್‌ಸೂಟ್ ಯಾಕೆ? ಶಾರ್ಟ್ಸ್, ಟೀ ಶರ್ಟ್ ಸಾಕು, ಫೋಟೋನೂ ಚೆನ್ನಾಗಿ ಬರತ್ತೆ." ಇದನ್ನ ಹೇಳೋರಲ್ಲಿ ಬಹಳ ಜನ ನೀರೊಳಗೆ ನಲವತ್ತು ನಿಮಿಷ ಇದ್ದವರಲ್ಲ, ನಲವತ್ತು ಸೆಕೆಂಡಿನ ರೀಲ್ ನೋಡಿದವರು.

(2/6)
ಬೆಚ್ಚಗೆ ಅಂದ್ರೆ ಎಷ್ಟು? 28 ಡಿಗ್ರಿ ಅಂತಿಟ್ಕೊಳ್ಳಿ. ಅದೇ 28 ಡಿಗ್ರಿ ನೀರನ್ನ ಬಕೆಟ್‌ಗೆ ಹಾಕಿ ಬೆಳಿಗ್ಗೆ ಸ್ನಾನಕ್ಕೆ ಕೊಟ್ರೆ "ಅಮ್ಮಾ, ನೀರು ಕಾದೇ ಇಲ್ಲ" ಅಂತ ಬಚ್ಚಲಿಂದ ಕೂಗೋರು ನೀವೇ. ನಿಮ್ಮ ಮೈ ಒಳಗೆ 37 ಡಿಗ್ರಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖ ದಾಟಿಸತ್ತೆ. ಬರೀ ಮೈಯಲ್ಲಿ ಸುಮ್ನೆ ನಿಂತು ಶಾಖ ಕಳ್ಕೊಳ್ಳದೇ ಇರಬೇಕು ಅಂದ್ರೆ ನೀರು 33–35 ಡಿಗ್ರಿ ಇರಬೇಕು. ಅಂಥ ಡೈವ್ ಜಾಗ ಹುಡುಕಿದ್ರೂ ಸಿಗೋದು ಕಷ್ಟ.

ಮೊದಲ ಸಲ ಹೋಗೋರಿಗೆ ಇನ್ನೊಂದು ತೊಂದರೆ. ನೀವು ಈಜಲ್ಲ. ಇನ್‌ಸ್ಟ್ರಕ್ಟರ್ ಟ್ಯಾಂಕ್ ಹಿಡಿದು ಕರ್ಕೊಂಡು ಹೋಗ್ತಾರೆ, ನೀವು ತೇಲ್ತಾ ಮೀನು ನೋಡ್ತೀರಿ. ಸ್ನಾಯು ದುಡಿಯಲ್ಲ, ಹಾಗಾಗಿ ಮೈಯಲ್ಲಿ ಹೊಸ ಶಾಖನೂ ಹುಟ್ಟಲ್ಲ. ಹತ್ತು ನಿಮಿಷ ಏನೂ ಅನ್ಸಲ್ಲ. ಆಮೇಲೆ ಹಲ್ಲು ಕಟಕಟ. ನಡುಗ್ತಾ ಇರೋ ಮೈ ಗಾಳಿನೂ ಬೇಗ ಖಾಲಿ ಮಾಡತ್ತೆ. ಆಮೆ ಕಾಣೋ ಹೊತ್ತಿಗೆ ನೀವು ಮೇಲೆ ಹೋಗೋಣ ಅಂತ ಹೆಬ್ಬೆರಳು ಎತ್ತಿರ್ತೀರಿ. ಜೊತೆಗಿದ್ದವನ ಡೈವೂ ಅಲ್ಲಿಗೆ ಮುಗೀತು.

ನಂಬಿಕೆ ಬರ್ಲಿಲ್ವಾ? ದಿನಕ್ಕೆ ಮೂರ್ನಾಲ್ಕು ಸಲ ಇಳಿಯೋ ಇನ್‌ಸ್ಟ್ರಕ್ಟರ್ ಏನು ಹಾಕಿದ್ದಾರೆ ಅಂತ ಬೋಟ್‌ನಲ್ಲೇ ನೋಡಿ.

(3/6)
ವೆಟ್‌ಸೂಟ್ ಹಾಕಿದ್ರೆ ಒದ್ದೆ ಆಗಲ್ಲ ಅಂತ ತಿಳ್ಕೊಂಡೋರೂ ಇದ್ದಾರೆ. ಹೆಸರಲ್ಲೇ ವೆಟ್ ಇದೆಯಲ್ಲ ಮಾರಾಯ್ರೆ! ನೀರು ಒಳಗೆ ಬರತ್ತೆ. ತೆಳು ಪದರವಾಗಿ ಅಲ್ಲೇ ಉಳಿದು ಮೈಶಾಖಕ್ಕೆ ಬೆಚ್ಚಗಾಗತ್ತೆ. ಆದ್ರೆ ಮುಖ್ಯ ಕೆಲಸ ಮಾಡೋದು ನಿಯೋಪ್ರೀನ್ ರಬ್ಬರ್‌ನೊಳಗೆ ಸಿಕ್ಕಿರೋ ಸಾವಿರಾರು ಅನಿಲದ ಗುಳ್ಳೆಗಳು. ಹ್ಯೂ ಬ್ರಾಡ್ನರ್ ಅನ್ನೋ ಅಮೆರಿಕದ ಭೌತವಿಜ್ಞಾನಿ 1950ರ ದಶಕದ ಶುರುವಲ್ಲಿ ಹಿಡಿದ ಎಳೆ ಇದೇ: ಮೈ ಒಣಗಿರಬೇಕಾಗಿಲ್ಲ, ಸೂಟ್‌ನ ವಸ್ತುವಿನೊಳಗೆ ಗುಳ್ಳೆಗಳು ಇದ್ರೆ ಸಾಕು.

ಆ ಗುಳ್ಳೆಗಳು ಆಳದಲ್ಲಿ ಕುಗ್ಗತ್ವೆ. 10 ಮೀಟರ್‌ನಲ್ಲಿ ಒತ್ತಡ ಮೇಲಿನದರ ಎರಡರಷ್ಟು, ಗುಳ್ಳೆಯ ಗಾತ್ರ ಅರ್ಧ. ಅಂಗಡೀಲಿ 3 ಮಿಲಿಮೀಟರ್ ಅಂತ ಬರೆದಿರೋದು ಕೆಳಗೆ ಅಷ್ಟು ದಪ್ಪ ಉಳಿಯಲ್ಲ. ನೂರಾರು ಸಲ ಇಳಿದು ಚಪ್ಪಟೆಯಾದ ಹಳೇ ಸೂಟ್‌ನ ಕಥೆ ಇನ್ನೂ ಕಷ್ಟ.

(4/6)
ನನಗೆ ನಿಜವಾಗ್ಲೂ ಸಿಟ್ಟು ಬರೋದು ಸೈಜ್ ವಿಷಯಕ್ಕೆ. ಒಂದು ಕಡೆ ಡೈವ್‌ಗೆ ದುಡ್ಡು ಕಟ್ಟಿ ಹೋದ್ರೆ ಸೂಟ್‌ಗಳನ್ನ ರಾಶಿ ಹಾಕಿ, "ಯಾವುದಾದ್ರೂ ಹಾಕ್ಕೊಳ್ಳಿ, ಎಲ್ಲಾ ಒಂದೇ" ಅಂದ್ರು. ಒಂದೇ ಅಲ್ಲ! ಸೊಂಟದ ಹಿಂದೆ, ಕಂಕುಳಲ್ಲಿ, ಕತ್ತಿನ ಹತ್ರ ಜಾಗ ಉಳಿದ್ರೆ ಪ್ರತಿ ಸಲ ಕೈಕಾಲು ಆಡಿಸಿದಾಗ ಬೆಚ್ಚಗಾದ ನೀರು ಹೊರಗೆ, ತಣ್ಣೀರು ಒಳಗೆ. ಸಡಿಲವಾದ 5 ಮಿಲಿಮೀಟರ್‌ಗಿಂತ ಮೈಗೆ ಅಂಟಿ ಕೂರೋ 3 ಮಿಲಿಮೀಟರ್ ಎಷ್ಟೋ ವಾಸಿ. ಹುಡುಗೀರಿಗೆ ಹುಡುಗರ ಸೂಟ್ ಕೊಟ್ಟು "ಸ್ವಲ್ಪ ಲೂಸ್ ಅಷ್ಟೇ" ಅನ್ನೋದು ಬೇರೆ. ಎದೆ, ಸೊಂಟ, ಭುಜದ ಅಳತೆ ಬೇರೆ ಇರೋದಕ್ಕೇ ಹೆಂಗಸರ ಸೂಟ್ ಅಂತ ಪ್ರತ್ಯೇಕ ಹೊಲಿಯೋದು. ಸಣಕಲು ಮೈಯವರಿಗೂ ಚಳಿ ಬೇಗ ಹತ್ತತ್ತೆ, ಅವರಿಗೆ ಸರಿಯಾದ ಸೈಜ್ ಇನ್ನೂ ಮುಖ್ಯ.

ನೆಲದ ಮೇಲೆ ಸ್ವಲ್ಪ ಬಿಗಿ ಅನ್ನಿಸ್ಲಿ, ಪರ್ವಾಗಿಲ್ಲ. ಉಸಿರು ಪೂರ್ತಿ ಎಳೆಯೋಕೆ ಬರಬೇಕು, ಕತ್ತು ಹಿಸುಕಬಾರದು. ಅಷ್ಟೇ ಪರೀಕ್ಷೆ. (ಜಿಪ್ ಹೆಚ್ಚಾಗಿ ಬೆನ್ನಿನ ಕಡೆ ಬರತ್ತೆ. ಮುಂದೆ ಮಾಡಿ ಹಾಕ್ಕೊಂಡು ಸೆಲ್ಫಿ ಹಾಕಿದವರು ಯಾರು ಅಂತ ಹೇಳಲ್ಲ.)

27–29 ಡಿಗ್ರಿಗೆ 3 ಮಿಲಿಮೀಟರ್ ಫುಲ್ ಸೂಟ್ ಕೇಳಿ. ಚಳಿ ತಡೆಯದವರು, ಒಂದೇ ದಿನ ಎರಡನೇ ಡೈವ್ ಇರೋರು 5 ಮಿಲಿಮೀಟರ್ ಕೇಳೋದ್ರಲ್ಲಿ ನಾಚಿಕೆ ಏನೂ ಇಲ್ಲ. ದಪ್ಪ ಬದಲಾದ್ರೆ ತೇಲೋದೂ ಬದಲಾಗತ್ತೆ, ಸೀಸದ ತೂಕ ಮತ್ತೆ ನೋಡಿಸ್ಕೊಳ್ಳಿ.

(5/6)
"ರ‍್ಯಾಷ್‌ಗಾರ್ಡ್ ಇದೆಯಲ್ಲ?" ಇದೆ. ಬಿಸಿಲಿಗೆ, ಲೋಳೆಮೀನಿನ ಉರಿಗೆ, ಬಂಡೆ ತರಚೋದಕ್ಕೆ ಒಳ್ಳೇದು. ಲೈಕ್ರಾ ಬಟ್ಟೇಲಿ ಗುಳ್ಳೆ ಇಲ್ಲ, ಹಾಗಾಗಿ ಶಾಖ ಹಿಡಿಯಲ್ಲ. ಒದ್ದೆ ಟೀ ಶರ್ಟ್ ಅಂತೂ ಬೋಟ್ ಹತ್ತಿದ ಮೇಲೆ ಗಾಳಿಗೆ ಇನ್ನಷ್ಟು ತಣ್ಣಗೆ ಮಾಡತ್ತೆ. ಫುಲ್ ಸೂಟ್‌ನಲ್ಲಿ ಇನ್ನೊಂದು ಲಾಭ: ಮೈಯೆಲ್ಲಾ ಸನ್‌ಸ್ಕ್ರೀನ್ ಮೆತ್ತಿಕೊಂಡು ನೀರಿಗೆ ಬಿಡೋದು ತಪ್ಪತ್ತೆ. ಹವಾಯಿಯಲ್ಲಿ ಆಕ್ಸಿಬೆನ್‌ಜೋನ್ ಇರೋ ಸನ್‌ಸ್ಕ್ರೀನ್ ಮಾರಾಟವನ್ನ 2021ರಿಂದ ನಿರ್ಬಂಧಿಸಿದ್ದು ಹವಳದ ಮೇಲಿನ ಕಾಳಜಿಯಿಂದ್ಲೇ.

(6/6)
ಸೂಟ್ ವಿರೋಧಿಗಳ ಒಂದು ಮಾತು ಮಾತ್ರ ನಿಜ: ಬೋಟ್‌ನಲ್ಲಿ ಬೆಂದು ಹೋಗ್ತೀವಿ. ಮುರುಡೇಶ್ವರದಿಂದ ಗಂಟೆ ಹೊತ್ತಿನ ದಾರಿ, ಮೇಲೆ ಸುಡು ಬಿಸಿಲು. ದಡದಲ್ಲೇ ಜಿಪ್ ಎಳ್ಕೊಂಡು ಕೂತ್ರೆ ತಲೆ ಸುತ್ತತ್ತೆ. ಸೊಂಟದವರೆಗೆ ಮಾತ್ರ ಹಾಕಿ ಕೂತಿರಿ, ನೀರು ಕುಡೀತಾ ಇರಿ, ಸರದಿ ಬಂದಾಗ ತೋಳು ತೂರಿಸಿ. ಅದಕ್ಕೋಸ್ಕರ ಸೂಟೇ ಬೇಡ ಅನ್ನೋದು, ಸೆಖೆ ಅಂತ ಹೆಲ್ಮೆಟ್ ಬಿಟ್ಟ ಹಾಗೆ.

ಲೈಸೆನ್ಸ್ ಮಾಡಿಸ್ಕೊಂಡು ಅಂಡಮಾನ್‌ಗೆ ಹೊರಟಿರೋ ಸೀನಿಯರ್‌ಗಳಿಗೆ: ಆಳದಲ್ಲಿ ಬೆಚ್ಚಗಿದ್ದು ಮೇಲೆ ಬರೋವಾಗ ನಡುಗಿದ್ರೆ ಮೈಯೊಳಗೆ ಸೇರಿದ ಸಾರಜನಕ ಹೊರಗೆ ಹೋಗೋದು ನಿಧಾನ ಆಗತ್ತೆ, ಡಿಕಂಪ್ರೆಷನ್ ಕಾಯಿಲೆಯ ಅಪಾಯ ಹೆಚ್ಚತ್ತೆ. ನಿಮಗೆ ಇದು ಬರೀ ಆರಾಮದ ಪ್ರಶ್ನೆ ಅಲ್ಲ.

ಮತ್ತೆ ನೀರೊಳಗೆ ಚಳಿ ಅನ್ಸಿದ್ರೆ ಗಟ್ಟಿಗರ ಥರ ಸುಮ್ನೆ ಇರಬೇಡಿ. ಎರಡೂ ಕೈ ಎದೆ ಮೇಲೆ ಅಡ್ಡ ಹಾಕಿ ತೋಳು ಉಜ್ಜಿ ತೋರ್ಸಿ, ಇನ್‌ಸ್ಟ್ರಕ್ಟರ್‌ಗೆ ಅರ್ಥ ಆಗತ್ತೆ. ಬುಕ್ ಮಾಡೋ ಮೊದ್ಲೇ ನಿಮ್ಮ ಎತ್ತರ, ತೂಕ ಕಳ್ಸಿ ಆ ಸೈಜ್ ಸೂಟ್ ಇದೆಯಾ ಅಂತ ಕೇಳಿ. "ಬಂದ್ಮೇಲೆ ನೋಡೋಣ" ಅಂದ್ರೆ ಬೇರೆ ಕಡೆ ಫೋನ್ ಮಾಡಿ.

#ನೇತ್ರಾಣಿ #ಮುರುಡೇಶ್ವರ #ಸ್ಕೂಬಾ #ಕನ್ನಡದಲ್ಲಿ_ಡೈವಿಂಗ್