ಐದನೇ ಸ್ವಿಚ್ಚು ಕಲಿಸಿದ ಪಾಠ

ತಾಲ್ಲೂಕಿನಿಂದ ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದ ದಿನಗಳಲ್ಲಿ ನಮ್ಮ ಕಚೇರಿಯಲ್ಲಿದ್ದದ್ದು ಒಂದೇ ಫೋನು. ಅದೇ ಲೈನಿಗೆ ಡಯಲ್-ಅಪ್ ಮೋಡೆಮ್. ಹಗಲು ಜನರ ಕರೆ, ಸಂಜೆ ಸುದ್ದಿ ರವಾನೆ. ಒಮ್ಮೆ ಒಂದು ವಾರ ಫೋನು ಒಂದೇ ಸಲ ರಿಂಗಾಗಿ ನಿಂತುಹೋಗುತ್ತಿತ್ತು. ಲೈನು ಕೆಟ್ಟಿದೆ ಅಂದುಕೊಂಡು ಸುಮ್ಮನಿದ್ದೆ. ಸಂತೆಯಲ್ಲಿ ಸಿಕ್ಕ ರೈತರೊಬ್ಬರು ತರಾಟೆಗೆ ತೆಗೆದುಕೊಂಡರು: "ಏನ್ ಸಾರ್, ಕಾಲುವೆ ಒಡೆದಿದೆ ಅಂತ ಹೇಳೋಣ ಅಂದ್ರೆ ನಿಮ್ ಫೋನು ಕೀ ಅಂತ ಕಿರುಚುತ್ತಲ್ಲ!"

ಮೋಡೆಮ್ ತಾನೇ ಕರೆ ಎತ್ತುತ್ತಿತ್ತು! ಕಂಪ್ಯೂಟರಿನಲ್ಲಿ 'ಎಟಿಎಸ್0=0' ಎಂದು ಟೈಪ್ ಮಾಡಿದೆ. ಕರೆ ಎತ್ತಬೇಡ ಎಂದು ಅದಕ್ಕೆ ಅರ್ಥ. ಅವತ್ತು ಸರಿಯಾಯಿತು. ರಾತ್ರಿ ಕರೆಂಟು ಹೋಗಿ ಬಂತು, ಬೆಳಿಗ್ಗೆ ಮತ್ತೆ ಅದೇ ಕಿರುಚಾಟ. ಕೊನೆಗೆ ಕೈಪಿಡಿ ತೆಗೆದು ಓದಿದೆ. ಪೆಟ್ಟಿಗೆಯ ಹಿಂದಿದ್ದ ಎಂಟು ಪುಟ್ಟ ಸ್ವಿಚ್ಚುಗಳಲ್ಲಿ ಐದನೆಯದು ಮೇಲಿತ್ತು. ಆನ್ ಆದಾಗ ಮೋಡೆಮ್ ಆ ಸ್ವಿಚ್ಚುಗಳನ್ನೇ ನೋಡಿಕೊಳ್ಳುತ್ತದೆ. ರೀಫಿಲ್ ತುದಿಯಿಂದ ಕೆಳಗೊತ್ತಿ, ಆಫ್ ಮಾಡಿ ಆನ್ ಮಾಡಿದೆ. ಮುಗಿಯಿತು. ಕಾಲುವೆ ಸುದ್ದಿ ಮಾತ್ರ ಅಷ್ಟರಲ್ಲಿ ಹಳಸಿತ್ತು.

1981ರಲ್ಲಿ ಹೇಯ್ಸ್ ಕಂಪನಿ ತಂದ ಸ್ಮಾರ್ಟ್‌ಮೋಡೆಮ್‌ನಲ್ಲೂ ಇಂಥ ಸ್ವಿಚ್ಚುಗಳಿದ್ದವು. ಮುಂದೆ ಬಂದ ಮೋಡೆಮ್‌ಗಳು ಸೆಟ್ಟಿಂಗನ್ನು ಕರೆಂಟು ಹೋದರೂ ಅಳಿಯದ ಮೆಮೊರಿಯಲ್ಲಿ ಇಟ್ಟುಕೊಳ್ಳತೊಡಗಿದವು. 'ಎಟಿ&ಎಫ್' ಎಂದರೆ ಕಾರ್ಖಾನೆಯ ಸೆಟ್ಟಿಂಗಿಗೆ ವಾಪಸ್. ಬೇಕಾದ್ದು ಬದಲಿಸಿ 'ಎಟಿ&ಡಬ್ಲ್ಯು' ಎಂದರೆ ಉಳಿಯುತ್ತದೆ. ಅದನ್ನು ಮತ್ತೆ ಕರೆಯಲು 'ಎಟಿಜಡ್'. ನಮ್ಮದರಲ್ಲಿ ಎರಡೂ ಇದ್ದವು. ಆನ್ ಆದಾಗ ನಾವು ಉಳಿಸಿದ್ದು ಬರಬೇಕೋ ಕಾರ್ಖಾನೆಯದು ಬರಬೇಕೋ ಎಂದು ಏಳನೇ ಸ್ವಿಚ್ಚು ಹೇಳುತ್ತಿತ್ತು.

ಮೆಮೊರಿಯೇ ಅನುಕೂಲ, ಒಪ್ಪುತ್ತೇನೆ. ಆದರೆ ಸ್ವಿಚ್ಚು ಕಣ್ಣಿಗೆ ಕಾಣುತ್ತಿತ್ತು. ಮೆಮೊರಿಯಲ್ಲಿದ್ದದ್ದನ್ನೂ ಒಂದು ಕಮಾಂಡ್ ಕೊಟ್ಟರೆ ತೋರಿಸುತ್ತಿತ್ತು. ಕೆಡಿಸಿದರೆ ವಾಪಸ್ ಬರುವ ದಾರಿ ಬಳಸುವವನ ಕೈಯಲ್ಲೇ ಇತ್ತು. ನನ್ನ ತಕರಾರು ಇಂದಿನ ಪರಿಸ್ಥಿತಿಯ ಬಗ್ಗೆ. ಈಗ ನಮ್ಮೂರಿನ ಮನೆಗಳಲ್ಲಿ ರೌಟರ್ ಇದೆ, ಅದರ ಪಾಸ್‌ವರ್ಡ್ ಮಾತ್ರ ಜೋಡಿಸಿ ಹೋದ ಹುಡುಗನ ಬಳಿ. ಸೆಟ್ಟಿಂಗ್ ಕೆಟ್ಟರೆ ಅವನು ಪೇಟೆಯಿಂದ ಬರುವವರೆಗೆ ಕಾಯಬೇಕು. ರೀಸೆಟ್ ಗುಂಡಿ ಒತ್ತೋಣವೆಂದರೆ ಆಮೇಲೆ ಏನು ತುಂಬಬೇಕೆಂದು ಗೊತ್ತಿಲ್ಲ. ದುಡ್ಡು ಕೊಟ್ಟವರು ನಾವು, ಬೀಗದ ಕೈ ಇನ್ನೊಬ್ಬರದು.

ಹಳ್ಳಿಯವರಿಗೆ ಇದೆಲ್ಲ ಅರ್ಥವಾಗಲ್ಲ ಎನ್ನುವವರಿದ್ದಾರೆ. ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿ ಜೋಡಿಸುವ ಜನಕ್ಕೆ ನಾಲ್ಕು ಸಾಲಿನ ಸೆಟ್ಟಿಂಗ್ ಕಷ್ಟವೇ? ಅರ್ಥವಾಗದ್ದಲ್ಲ, ಯಾರೂ ಹೇಳಿಕೊಟ್ಟಿಲ್ಲ. ಸಂಪರ್ಕ ಕೊಡುವವರು ಪಾಸ್‌ವರ್ಡನ್ನೂ, ಕನ್ನಡದಲ್ಲಿ ಬರೆದ ಒಂದು ಹಾಳೆ ಸೆಟ್ಟಿಂಗನ್ನೂ ಮನೆಯವರ ಕೈಗೆ ಕೊಟ್ಟೇ ಹೋಗಬೇಕು. ನಾವೂ ಕೇಳಿ ಪಡೆಯಬೇಕು.

ಗೆಳೆಯರೇ, ಇನ್ನು ಮುಂದೆ 'ಊರಲ್ಲಿ ನೆಟ್ ಇಲ್ಲ' ಎಂದು ಸುದ್ದಿ ಬರೆಯುವಾಗ ಟವರ್ ಎಷ್ಟು ದೂರ ಎಂದಷ್ಟೇ ಕೇಳಬೇಡಿ. ಪಾಸ್‌ವರ್ಡ್ ಯಾರ ಬಳಿ ಇದೆ ಎಂದೂ ಕೇಳಿ.