ಕಾನೂನು ಬಿಟ್ಟರೂ ಬೀಗ ಬಿಡ್ತಿಲ್ಲ: ಕಣ್ಣು ಕಾಣದವರ ಕೈಗೆ ಸಿಗದ ಇ-ಪುಸ್ತಕ

ಶಿವಾರಪಟ್ಟಣ: ನಮ್ಮ ಮಾಲೂರು ತಾಲೂಕಿನ ಹೆಸರನ್ನ ಜ್ಞಾನಪೀಠದವರೆಗೂ ಕೊಂಡೊಯ್ದ ಮಾಸ್ತಿ ವೆಂಕಟೇಶ ಅಯ್ಯಂಗಾರ್ ತೀರಿಕೊಂಡಿದ್ದು 1986ರಲ್ಲಿ. ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತೆ. ಅಂದ್ರೆ 2046ರ ಕೊನೆವರೆಗೂ ಅನುಮತಿ ಇಲ್ಲದೆ ಅವರ ಪುಸ್ತಕ ಅಚ್ಚು ಹಾಕೋ ಹಾಗಿಲ್ಲ. ಹಾಗಾದ್ರೆ ತಾಲೂಕಿನ ಕಣ್ಣು ಕಾಣದ ವಿದ್ಯಾರ್ಥಿಯೊಬ್ಬರು ಮಾಸ್ತಿ ಕತೆಗಳನ್ನ ಮೊಬೈಲಿನಲ್ಲಿ ಕೇಳಬೇಕು ಅಂದ್ರೆ ಅಲ್ಲಿವರೆಗೆ ಕಾಯಬೇಕಾ?

ಬೇಕಿಲ್ಲ. ಕಾನೂನು 2012ರಲ್ಲೇ ದಾರಿ ಬಿಟ್ಟಿದೆ. ತೊಡಕು ಇರೋದು ಬೇರೆ ಕಡೆ.

ಕಾನೂನು ಏನು ಹೇಳುತ್ತೆ?

2012ರ ತಿದ್ದುಪಡಿ ನಂತರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂ ಪ್ರಕಾರ, ಅಂಗವಿಕಲರಿಗೆ ಓದೋಕೆ ಅನುಕೂಲ ಆಗೋ ರೂಪಕ್ಕೆ ಪುಸ್ತಕವನ್ನ ಯಾರು ಬೇಕಾದ್ರೂ ಬದಲಾಯಿಸಿ ಕೊಡಬಹುದು. ಬ್ರೈಲ್, ಆಡಿಯೋ, ಕಂಪ್ಯೂಟರ್ ಓದಿ ಹೇಳುವ ಫೈಲ್, ಯಾವುದಾದ್ರೂ ಸರಿ. ಲೇಖಕರನ್ನೋ ಪ್ರಕಾಶಕರನ್ನೋ ಕೇಳಬೇಕಿಲ್ಲ. ಷರತ್ತು ಇಷ್ಟೇ: ತಯಾರಿಸಿದ ಖರ್ಚು ಮಾತ್ರ ತಗೋಬಹುದು, ಲಾಭ ಮಾಡೋ ಹಾಗಿಲ್ಲ. ಅಂಧರ ಓದಿಗಾಗಿ ಮರಕೇಶ್‌ನಲ್ಲಿ ಆದ ಅಂತಾರಾಷ್ಟ್ರೀಯ ಒಪ್ಪಂದವನ್ನ 2014ರಲ್ಲಿ ಮೊಟ್ಟಮೊದಲು ಅನುಮೋದಿಸಿದ ದೇಶವೂ ಭಾರತವೇ.

ಬೀಗ ಎಲ್ಲಿದೆ?

ಕಣ್ಣು ಕಾಣದವರು ಮೊಬೈಲಿನಲ್ಲಿ ಟಾಕ್‌ಬ್ಯಾಕ್, ಕಂಪ್ಯೂಟರಿನಲ್ಲಿ ಎನ್‌ವಿಡಿಎ ಥರದ ತಂತ್ರಾಂಶ ಬಳಸ್ತಾರೆ. ಪರದೆ ಮೇಲಿನ ಅಕ್ಷರವನ್ನ ಅದು ಜೋರಾಗಿ ಓದಿ ಹೇಳುತ್ತೆ. ಆದ್ರೆ ಕಳ್ಳ ಪ್ರತಿ ತಡೆಯೋಕೆ ಅಂತ ಕಂಪನಿಗಳು ಇ-ಪುಸ್ತಕಕ್ಕೆ ಡಿಆರ್‌ಎಂ ಅನ್ನೋ ಬೀಗ ಹಾಕ್ತವೆ. ಆ ಫೈಲು ಅವರದ್ದೇ ಆ್ಯಪ್‌ನಲ್ಲಿ ಮಾತ್ರ ತೆರೆಯುತ್ತೆ. ಓದಿ ಹೇಳುವ ತಂತ್ರಾಂಶಕ್ಕೆ ಆ ಆ್ಯಪ್ ಅಕ್ಷರ ಬಿಟ್ಟುಕೊಡದಿದ್ರೆ ಪುಟ ಮೂಕ. ಬ್ರೈಲ್‌ಗೆ ಬದಲಾಯಿಸೋಕೂ ಆಗಲ್ಲ. 2009ರಲ್ಲಿ ಅಮೆರಿಕದಲ್ಲಿ ಕಿಂಡಲ್ ತಾನೇ ಓದಿ ಹೇಳೋಕೆ ಶುರು ಮಾಡಿದಾಗ ಲೇಖಕರ ಸಂಘ ತಕರಾರು ತೆಗೀತು. ಕಂಪನಿ ಆ ಸೌಲಭ್ಯ ಬೇಕೋ ಬೇಡವೋ ಅನ್ನೋದನ್ನ ಪ್ರಕಾಶಕರಿಗೇ ಬಿಟ್ಟಿತು. ಅಂಧರು ಬೀದಿಗಿಳಿದು ಪ್ರತಿಭಟಿಸಿದರು.

ನಮ್ಮಲ್ಲಿ ಹಕ್ಕು ಕದಿಯೋ ಉದ್ದೇಶದಿಂದ ಬೀಗ ಮುರಿದ್ರೆ 65ಎ ಕಲಂ ಪ್ರಕಾರ 2 ವರ್ಷದವರೆಗೆ ಜೈಲು. ಕಾನೂನು ಒಪ್ಪಿದ ಕೆಲಸಕ್ಕೆ ಮುರಿದ್ರೆ ಅಪರಾಧ ಅಲ್ಲ. ಆದ್ರೆ ಮುರಿಯೋಕೆ ಸಹಾಯ ಮಾಡಿದವರು ಯಾರಿಗೆ ಮಾಡಿದ್ವಿ ಅಂತ ಹೆಸರು, ವಿಳಾಸ ಬರೆದಿಡಬೇಕು. ಕೀಲಿ ಕೊಡಿ ಅಂತ ಮಾತ್ರ ಈ ಕಲಂ ಕಂಪನಿಗೆ ಹೇಳಲ್ಲ. ಹಕ್ಕು ಇದೆ, ಕೀಲಿ ಇಲ್ಲ. ಯುರೋಪಿನಲ್ಲಿ 2025ರ ಜೂನ್ 28ರಿಂದ ಹೊಸ ಇ-ಪುಸ್ತಕಗಳು ಅಂಗವಿಕಲರೂ ಓದುವ ಹಾಗಿರಬೇಕು ಅಂತ ಕಡ್ಡಾಯ ಮಾಡಿದ್ದಾರೆ.

ಕನ್ನಡಕ್ಕೆ ಎರಡನೇ ಬೀಗ

ಕನ್ನಡದ ಸಮಸ್ಯೆ ಡಿಆರ್‌ಎಂಗೆ ನಿಲ್ಲಲ್ಲ. 2016ರ ಡಿಸೆಂಬರ್‌ನಲ್ಲಿ ಕಿಂಡಲ್ ಐದು ಭಾರತೀಯ ಭಾಷೆಗಳನ್ನ ತಂದಾಗ ಅದ್ರಲ್ಲಿ ಕನ್ನಡ ಇರಲಿಲ್ಲ. ಇನ್ನು ಡಿಟಿಪಿ ಸೆಂಟರ್‌ಗಳಲ್ಲಿ ಹಳೇ ನುಡಿ, ಬರಹ ಫಾಂಟಿನಲ್ಲಿ ಮಾಡಿದ ಪುಸ್ತಕದ ಪಿಡಿಎಫ್ ನಮ್ಮ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಯೂನಿಕೋಡ್‌ನಲ್ಲಿ ಇದ್ರೆ ಮಾತ್ರ ಅದು ಸರಿಯಾಗಿ ಓದುತ್ತೆ.

ಅಂಗಡಿಯವರಿಗೆ ಇದು ಗೊತ್ತಿರಲಿ

ಹೀಗಾಗಿ ಇವತ್ತಿಗೆ ಅಂಧರಿಗೆ ಬೀಗ ಹಾಕಿದ ಇ-ಪುಸ್ತಕಕ್ಕಿಂತ ಕಾಗದದ ಪುಸ್ತಕವೇ ಸುಲಭ. ಅದಕ್ಕೆ ಬೀಗ ಇಲ್ಲ, ಸ್ಕ್ಯಾನ್ ಮಾಡಬಹುದು. ಅಂಧ ವಿದ್ಯಾರ್ಥಿ ಪೂರ್ತಿ ಪುಸ್ತಕ ತಂದು ಸ್ಕ್ಯಾನ್ ಮಾಡಿಕೊಡಿ ಅಂದ್ರೆ ಜೆರಾಕ್ಸ್ ಅಂಗಡಿಯವರು ಕೇಸ್ ಆಗುತ್ತೆ ಅಂತ ಹೆದರಿ ವಾಪಸ್ ಕಳಿಸಬೇಕಿಲ್ಲ. ಖರ್ಚಷ್ಟೇ ತಗೊಳ್ಳಿ, ಹೆಸರು ಬರೆದಿಟ್ಕೊಳ್ಳಿ, ಆ ಫೈಲನ್ನ ಬೇರೆಯವರಿಗೆ ಮಾರಬೇಡಿ. ಸ್ಕ್ಯಾನ್ ಮಾಡಿದ ಚಿತ್ರವನ್ನ ಅಕ್ಷರಕ್ಕೆ ತರೋ ಓಸಿಆರ್ ಕನ್ನಡಕ್ಕೂ ಇದೆ. ಒತ್ತಕ್ಷರದಲ್ಲಿ ತಪ್ಪಾಗೋದುಂಟು, ಯಾರಾದ್ರೂ ಕೂತು ತಿದ್ದಬೇಕು.

ಕೇಂದ್ರ ಸರ್ಕಾರ 2016ರಲ್ಲಿ ಶುರು ಮಾಡಿದ ಸುಗಮ್ಯ ಪುಸ್ತಕಾಲಯ ಅನ್ನೋ ಆನ್‌ಲೈನ್ ಗ್ರಂಥಾಲಯ, ಬೆಂಗಳೂರಿನ ಮಿತ್ರ ಜ್ಯೋತಿ ಸಂಸ್ಥೆಯ ಮಾತಾಡುವ ಪುಸ್ತಕಗಳು ಕೂಡ ಇವೆ. ಮನೆಯಲ್ಲಿ ಅಂಥವರಿದ್ರೆ ವಿಚಾರಿಸಿ.

2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ ದೃಷ್ಟಿ ತೊಂದರೆ ಇರೋರು ಸುಮಾರು 2.64 ಲಕ್ಷ. ಇಷ್ಟು ಜನ ಒಂದೊಂದು ಪುಸ್ತಕಕ್ಕೂ ಸ್ಕ್ಯಾನರ್ ಹುಡುಕಿಕೊಂಡು ಅಲೆಯೋದು ಪರಿಹಾರ ಅಲ್ಲ. ಸಾರ್ವಜನಿಕ ಗ್ರಂಥಾಲಯಗಳಿಗೆ ನಮ್ಮ ತೆರಿಗೆ ದುಡ್ಡಲ್ಲೇ ಪುಸ್ತಕ ಕೊಳ್ಳೋದು. ಪುಸ್ತಕದ ಜೊತೆ ಬೀಗ ಇಲ್ಲದ ಯೂನಿಕೋಡ್ ಫೈಲನ್ನೂ ಕೊಡಿ ಅಂತ ಪ್ರಕಾಶಕರಿಗೆ ಒಂದು ಷರತ್ತು ಹಾಕೋದು ಸರ್ಕಾರಕ್ಕೆ ಕಷ್ಟದ ಕೆಲಸ ಅಲ್ಲ. ನಮ್ಮ ಜನಪ್ರತಿನಿಧಿಗಳು ಮೊದಲು ಇದನ್ನ ಕೇಳಲಿ.